ಬೇಹುಗಾರನಿಗೆ ಕಾದಿರಿಸಿದ ಜಾಗ

ಗ್ವಾದಲಹಾರಾ ನಗರದ ನಮ್ಮ ಕಾರ್ಖಾನೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಯಾರಾಗುತ್ತದೆ. ಅದರೊಳಗಿನ ಸರ್ಕ್ಯೂಟ್ ಬೋರ್ಡ್ ಗ್ರಿಸೆಲ್ದಾಳದು. ಮೂರು ವರ್ಷದ ದುಡಿಮೆ. ಅದರ ಮೇಲೆ ಓಡುವ ಕರ್ನಲ್, ಅಂದರೆ ಎಲ್ಲ ಪ್ರೋಗ್ರಾಮುಗಳಿಗೂ ಜಾಗ ಹಂಚುವ ಯಜಮಾನ, ನನ್ನದು. ಜ್ಞಾನಸ್ನಾನದ ದಿನ ನನ್ನ ಮಗಳನ್ನು ಜ್ಞಾನತಾಯಿಯಾಗಿ ಎತ್ತಿಕೊಂಡು ನಿಂತವಳು ಗ್ರಿಸೆಲ್ದಾ. ಅಂದಿನಿಂದ ನನಗೆ ಅವಳು ಕೊಮಾದ್ರೆ, ಅವಳಿಗೆ ನಾನು ಕೊಂಪಾದ್ರೆ; ನಮ್ಮಲ್ಲಿ ಅದು ರಕ್ತಸಂಬಂಧಕ್ಕೆ ಸಮ. ಒಡಹುಟ್ಟಿದವರೂ ಅಷ್ಟು ಜಗಳವಾಡುವುದಿಲ್ಲ.

ಪರೀಕ್ಷೆಯಲ್ಲಿ ಪೆಟ್ಟಿಗೆ ಆಗಾಗ ಸ್ತಬ್ಧವಾಗುತ್ತಿತ್ತು. ಶುಕ್ರವಾರದೊಳಗೆ ಕಾರಣ ಸಿಗದಿದ್ದರೆ ಗ್ರಿಸೆಲ್ದಾಳ ಬೋರ್ಡನ್ನು ಕೈಬಿಟ್ಟು ಹೊರಗಿನದನ್ನು ಕೊಳ್ಳುವುದೆಂದು ನಿರ್ದೇಶಕ ಬರ್ರಾಗಾನ್ ಸಾಹೇಬರು ಹೇಳಿಯಾಗಿತ್ತು.

ಪ್ರೊಸೆಸರ್‌ನಲ್ಲೇ ಒಬ್ಬ ಬೇಹುಗಾರನಿದ್ದಾನೆ. ಒಳಗೆ ನಡೆದದ್ದನ್ನೆಲ್ಲ ನೇರವಾಗಿ ಮೆಮೊರಿಗೆ ಬರೆದಿಡುವುದೇ ಅವನ ಕೆಲಸ. ಆದರೆ ಅವನಿಗೆ ಜಾಗ ನಡುವೆ ಎಲ್ಲೂ ತುಂಡಾಗದೆ ಒಂದೇ ಪಟ್ಟಿಯಾಗಿ ಬೇಕು. ಯಂತ್ರ ಶುರುವಾದ ಮೇಲೆ ಕೇಳಿ ನೋಡಿದೆ. ಜಾಗ ಬೇಕಾದಷ್ಟಿತ್ತು, ಎಲ್ಲ ಚೂರುಚೂರು. ನಮ್ಮ ಬೀದಿಯಲ್ಲಿ ಲಾರಿ ನಿಲ್ಲಿಸಬೇಕಾದವನು ಬೆಳಗಾಗುತ್ತಲೇ ಜಾಗ ಹಿಡಿಯಲು ಬಕೆಟ್‌ಗಳನ್ನು ಸಾಲಾಗಿ ಇಟ್ಟಿರುತ್ತಾನೆ. ಇಡದವನು ಕಾರುಗಳ ನಡುವಿನ ಸಂದುಗಳನ್ನು ನೋಡಿಕೊಂಡು ಬಯ್ಯುತ್ತಾನೆ. ನಾನೂ ಬಯ್ದು ಮುಗಿಸಿ, ಕರ್ನಲ್ ಕಣ್ಣು ಬಿಡುವ ಗಳಿಗೆಯಲ್ಲೇ, ಬೇರೆ ಯಾರೂ ಬರುವ ಮೊದಲೇ, ಮೆಮೊರಿಯ ಮೇಲ್ತುದಿಯಲ್ಲಿ ಒಂದು ಇಡೀ ಪಟ್ಟಿಯನ್ನು ಅವನಿಗೆ ಕಾದಿರಿಸಿದೆ.

ಪೆಟ್ಟಿಗೆ ಸ್ತಬ್ಧವಾಗುವುದನ್ನೇ ಬಿಟ್ಟಿತು. ಬುಧವಾರವಿಡೀ ಓಡಿತು. ಗುರುವಾರವೂ ಓಡಿತು.

ಬರ್ರಾಗಾನ್ ಸಾಹೇಬರು ಹಿಗ್ಗಿದರು. "ಸರಿಹೋಯ್ತಲ್ಲ ಹಿಲಾರಿಯೊ! ಹೀಗೇ ಪ್ಯಾಕ್ ಮಾಡಿಸಿ."

"ಏನ್ರೀ ಸರಿಹೋಯ್ತು? ಕಳ್ಳನ್ನ ಹಿಡಿಯೋಕೆ ಪೊಲೀಸ್ನ ಕೂರಿಸಿದ್ವಿ, ಕಳ್ಳ ಬರ್ಲಿಲ್ಲ. ಅಷ್ಟೇ."

"ಬರ್ಲಿಲ್ಲ ಅಂದ್ರೆ ಒಳ್ಳೇದೇ ಅಲ್ವಾ?"

ನಾನು ಮೇಜು ಗುದ್ದಿದೆ. ಅವರು ಹೊರಟುಹೋದರು.

ಗ್ರಿಸೆಲ್ದಾ ಮೂಲೆಯಲ್ಲಿ ಕೂತಿದ್ದಳು. ಖಾರದ ಸಾರಿನಲ್ಲಿ ಮುಳುಗಿದ್ದ ಅವಳ ತೋರ್ತಾ ಬ್ರೆಡ್ಡು ಮೆತ್ತಗಾಗಿ ಹೋಗಿತ್ತು. ಆ ಮುಖ ನೋಡಿ ನನ್ನ ಸಿಟ್ಟು ಇಳಿಯಿತು.

"ಕೊಮಾದ್ರೆ, ನಿನ್ನ ಬೋರ್ಡ್ ಉಳ್ಕೊಳ್ಳತ್ತೆ. ನೀನು ಹೇಳಿದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ."

"ನೀನಾ? ಗ್ವಾದಲೂಪೆ ಮಾತೆ ಕೈಲೂ ಆಗದ ಪವಾಡ ಅದು." ಅವಳು ಬೆರಳು ಒರೆಸಿಕೊಂಡಳು. "ನೀನು ಹಿಡಿದಿಟ್ಟಿರೋ ಪಟ್ಟಿ ಎರಡರಲ್ಲಿ ಯಾವ ಮೆಮೊರಿ ಚಿಪ್ಪಲ್ಲಿದೆ?"

"ಎರಡನೇದ್ರಲ್ಲಿ. ಹೆಚ್ಚುಕಮ್ಮಿ ಇಡೀ ಚಿಪ್ಪೇ ಅವನದು. ಬೇರೆಯವರು ಕಾಲಿಡೋ ಹಾಗಿಲ್ಲ."

"ಅದ್ರ ಪಕ್ಕದಲ್ಲೇ ನಾನು ಹೀಟರ್‌ಗೆ ಕರೆಂಟ್ ಹೋಗೋ ಲೈನ್ ಎಳ್ದಿದೀನಿ." ಬೋರ್ಡನ್ನು ದೀಪಕ್ಕೆ ಹಿಡಿದು ನೋಡುತ್ತ ಹೇಳಿದಳು. "ಪಟ್ಟಿನ ಮೊದಲ್ನೇ ಚಿಪ್ಪಿಗೆ ತಗೊಂಡ್ ಹೋಗು. ಎರಡನೇದ್ರಲ್ಲಿ ಮತ್ತೆ ಎಲ್ಲ ಪ್ರೋಗ್ರಾಮೂ ಓಡಾಡ್ಲಿ."

"ಹೋದ್ರೆ ಪೆಟ್ಟಿಗೆ ನಿಂತ್ಹೋಗತ್ತೆ. ಬೇಹುಗಾರ ನಿನ್ನ ಹೆಸರೇ ಹೇಳ್ತಾನೆ, ಹುಚ್ಚಿ!"

"ಹೇಳ್ಲಿ. ಮುಂದೆ ಇನ್ಯಾವನೋ ಆ ಜಾಗ ಸುಮ್ನೆ ದಂಡ ಅಂತ ಬಿಡಿಸ್ಕೋತಾನೆ. ಆಗ ಪೆಟ್ಟಿಗೇಲಿ ಕೂಸಿರತ್ತೆ, ಕೊಂಪಾದ್ರೆ."

ನಾನು ಪಟ್ಟಿಯನ್ನು ಸರಿಸಿದೆ. ನನ್ನ ಬೆರಳುಗಳಿಗೆ ಇಷ್ಟವಿರಲಿಲ್ಲ. ಹೀಟರ್ ಟಿಕ್ ಎಂದಿತು, ಪೆಟ್ಟಿಗೆ ಸ್ತಬ್ಧವಾಯಿತು. ಬೇಹುಗಾರ ಬರೆದಿಟ್ಟದ್ದನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ಓದಿದೆವು. ಹೀಟರ್ ಹೊತ್ತಿದ ಕೂಡಲೇ ಎರಡನೆಯ ಚಿಪ್‌ನಿಂದ ಓದಿದ ಸಂಖ್ಯೆ ಕೆಟ್ಟಿತ್ತು. ಮತ್ತೆ ಓಡಿಸಿದರೂ ಅದೇ ಕಥೆ.

ಶುಕ್ರವಾರ ಸಾಹೇಬರ ಮುಂದೆ ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು: "ತಪ್ಪು ನಂದು. ಲೈನ್ ಹತ್ರ ಆಯ್ತು. ದೂರ ಎಳೀಬೇಕು."

ಸಾಹೇಬರು ಹಣೆ ಉಜ್ಜಿಕೊಂಡರು. "ಹೊರಗಿನ ಬೋರ್ಡ್ ತಗೊಂಡ್ರೆ?"

"ತಗೊಳ್ಳಿ," ಎಂದೆ ನಾನು. "ಅದ್ರ ತಪ್ಪನ್ನ ನಿಮ್ಮೆದುರು ನಿಂತು ಒಪ್ಕೊಳ್ಳೋರು ಯಾರು?"

ಅವರು ಇಬ್ಬರನ್ನೂ ದಿಟ್ಟಿಸಿದರು. "ಬೇಗ ಎಳೀರಿ ಆ ಲೈನ್ನ," ಎಂದು ಕಡತ ಮುಚ್ಚಿದರು.

ಮಧ್ಯಾಹ್ನ ಅವಳು ಹೊಸ ನಕ್ಷೆ ತೆರೆದಾಗ ನಾನು ಹಿಂದೆ ನಿಂತೆ. "ಇನ್ನೂ ಸ್ವಲ್ಪ ದೂರ ಎಳಿ."

"ಮುಂದೆ ಬಾ, ಹಿಂದೆ ಉಸಿರು ಬಿಡ್ಬೇಡ," ಎನ್ನುತ್ತಾ ಕಾಲಿನಿಂದ ನನ್ನ ಕಡೆಗೆ ಕುರ್ಚಿ ತಳ್ಳಿದಳು.