ಕೈ ಬದಲಾಗದ ಕೋಲು

ಜಂಬುನಾಥ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ. ಗೇಟಿನ ತನಕ ನಡೆದ. ತಿರುಗಿ ಬಂದು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದ. ಅರ್ಧ ಗಂಟೆಯೊಳಗೆ ಇದು ಮೂರನೆಯ ಸಲ.

"ಒಂದ್ ಕಡಿ ಕುಂದ್ರಿ ಸರ್. ಉದ್ಘಾಟನಿ ಗೆಸ್ಟ್ ಬರಾಕ ಇನ್ನಾ ಟೈಮ್ ಐತಿ," ಎಂದಳು ಸುಧಾರಾಣಿ ಏಣಿಯ ಮೇಲಿಂದ. ಬಲ್ಬು ಬಿಗಿಯುತ್ತಿದ್ದಳು. ಕಮಲಾಪುರದ ಈ ಹಳೆಯ ಅಕ್ಕಿ ಗಿರಣಿಗೆ ಸುಣ್ಣ ಬಳಿಸಿ, ಹೊಳೆಯ ಗಾಳಗಾರಿಕೆಗೊಂದು ಮ್ಯೂಸಿಯಂ ಮಾಡಲು ಎರಡು ವರ್ಷ ಊರೂರು ತಿರುಗಿದವಳು ಅವಳು. ಗೋಡೆಗುಂಟ ಬಿದಿರಿನ ಕೋಲುಗಳು, ಹಿತ್ತಾಳೆಯ ರೀಲುಗಳು, ನವಿಲುಗರಿಯ ದಂಟಿನಿಂದ ಮಾಡಿದ ತೇಲುಬೆಂಡುಗಳು, ಮೀನಿಗೆಂದೇ ರಾಗಿ ಮುದ್ದೆ ಕುದಿಸುತ್ತಿದ್ದ ಮಸಿ ಹಿಡಿದ ಬೋಗುಣಿ. ಜಂಬುನಾಥ ದೋಣಿಮಲೈಯಲ್ಲಿ ಗಣಿಯ ಸ್ಟಾಫ್ ಬಸ್ಸು ಓಡಿಸುತ್ತಿದ್ದಾಗ ದಾರಕ್ಕೆ ಭಾರವಾಗಿ ಕಟ್ಟುತ್ತಿದ್ದ ಬಸ್ಸಿನ ನಟ್ಟುಗಳೂ ಗಾಜಿನ ಕೆಳಗೆ ಸಾಲಾಗಿ ಕುಳಿತಿದ್ದವು.

ನಡುಗೋಡೆಯ ಮೇಲೆ ಅವನದೇ ಫೋಟೋ. ಮೊಣಕಾಲ ಮಟ್ಟದ ನೀರಿನಲ್ಲಿ ನಿಂತು ಎರಡು ಕೈಯಲ್ಲೂ ಮಹಶೀರ್ ಮೀನನ್ನು ಎತ್ತಿ ಹಿಡಿದಿದ್ದ. ಕೆಳಗೆ ಬರೆದಿತ್ತು: ಇಪ್ಪತ್ತೆರಡು ಕಿಲೋ. ಗಾಳಗಾರರ ಬಳಗದ ದಾಖಲೆ. ಪಕ್ಕದಲ್ಲಿ, ಬಳಗದ ಅಧ್ಯಕ್ಷನಾಗಿದ್ದಾಗ ಅವನೇ ಬರೆಸಿದ್ದ ನಿಯಮದ ಹಲಗೆ: ಮೀನು ಕಚ್ಚಿದಾಗಿನಿಂದ ದಡಕ್ಕೆ ಬರುವ ತನಕ ಕೋಲು ಒಬ್ಬರ ಕೈಯಲ್ಲೇ ಇರಬೇಕು. ಇನ್ನೊಬ್ಬರ ಕೈ ತಾಗಿದ ಮೀನು ದಾಖಲೆಗೆ ಸಲ್ಲದು.

"ಏನ್ ಅಧ್ಯಕ್ಷರ, ಅಂಗಿಯಾಗ ಇರುವಿ ಬಿಟ್ಟಂಗ ಒಳಗ ಹೊರಗ ಮಾಡಾಕತ್ತೀರಿ?" ಬೆಂಚಿನ ಮೇಲಿದ್ದ ಗವಿಸಿದ್ದಪ್ಪ ನಕ್ಕ. ಎಮ್ಮಿಗನೂರಿನ ಕಬ್ಬಿನ ರೈತ, ಜಂಬುನಾಥನ ಓರಗೆಯವ. ಅವನೂ ಒಂದು ಕಾಲಕ್ಕೆ ಇಪ್ಪತ್ತು ಕಿಲೋದ ಮೀನು ಹಿಡಿದಿದ್ದ. ಕೋಲು ಜಾರುವಾಗ ಅಳಿಯ ಕೈಯೊಡ್ಡಿದನೆಂದು ಜಂಬುನಾಥನೇ ಅದನ್ನು ಬಳಗದ ದಾಖಲೆ ಪುಸ್ತಕದಿಂದ ಹೊಡೆದು ಹಾಕಿದ್ದ.

"ಸೆಕಿ ಭಾಳ ಐತಪ," ಎಂದ ಜಂಬುನಾಥ.

"ನಿಮಗ ಶಾಲು ಹೊಚ್ಚತಾರಲ್ಲ, ಆಗ ನೋಡ್ರಿ ಸೆಕಿ."

ಇಪ್ಪತ್ತೆಂಟು ವರ್ಷದ ಹಿಂದಿನ ಆ ಭಾನುವಾರ, ಕಂಪ್ಲಿಯ ಮೇಲ್ಗಡೆ ಆನೆಬಂಡೆಯ ಹತ್ತಿರ ಮೀನು ಕಚ್ಚಿ ಎಳೆದ ರಭಸಕ್ಕೆ ತೆಪ್ಪ ಗಿರ್ರನೆ ತಿರುಗಿತ್ತು. ಜಂಬುನಾಥ ಆಯತಪ್ಪಿ ನೀರಿಗೆ ಬಿದ್ದ. ಬೀಳುವಾಗ ಕೋಲನ್ನು ತೆಪ್ಪದೊಳಕ್ಕೆ ಎಸೆದ. ತೆಪ್ಪ ನಡೆಸುತ್ತಿದ್ದ ಅಂಬಿಗರ ಉಚ್ಚಂಗೆಮ್ಮ ಹುಟ್ಟು ಬಿಟ್ಟು ಕೋಲು ಹಿಡಿದಳು. ಅವನು ತೆಪ್ಪದ ಅಂಚಿಗೆ ಜೋತುಬಿದ್ದು ನೀರು ಕುಡಿಯುತ್ತ ಹೊಳೆ ಒಯ್ದತ್ತ ಹೋದ. ಅವಳು ದಾರ ಬಿಡುತ್ತ, ಎಳೆಯುತ್ತ ಮೀನನ್ನು ದಣಿಸಿದಳು. ಮಡುವಿನಲ್ಲಿ ತೆಪ್ಪ ನಿಂತ ಮೇಲೆ ಅವನು ಹತ್ತಿ ಕೋಲು ಇಸಕೊಂಡಾಗ ಮೀನು ಪಕ್ಕಕ್ಕೆ ಒರಗಿ ತೇಲುತ್ತಿತ್ತು. ಅದನ್ನು ನೀರಿನಲ್ಲೇ ಹಗ್ಗಕ್ಕೆ ಕಟ್ಟಿ, ಕಂಪ್ಲಿಯಿಂದ ಸ್ಟುಡಿಯೋದವನನ್ನು ಕರೆಸಿ ಫೋಟೋ ತೆಗೆಸಿದರು. ಗೋಣಿಚೀಲದಲ್ಲಿ ತೂಗಿ ಹೊಳೆಗೇ ಬಿಟ್ಟರು. ಯಾರಿಗೂ ಹೇಳಬೇಡ ಎಂದು ಅವನು ಕೇಳಲಿಲ್ಲ. ಹೇಳುವುದಿಲ್ಲ ಎಂದು ಅವಳೂ ಅನ್ನಲಿಲ್ಲ.

ಗಾಳ ಹಾಕುವ ಮುಂಚೆ ಮೊದಲ ರಾಗಿ ಉಂಡೆಯನ್ನು ಗಂಗವ್ವನಿಗೆ ಬಿಟ್ಟು ಕೈಮುಗಿಯುವುದು ಜಂಬುನಾಥನ ಪದ್ಧತಿ. ಆ ಭಾನುವಾರದ ನಂತರವೂ ಕೈಮುಗಿದ, ವರ್ಷಗಟ್ಟಲೆ. ನೀರಿನ ಮುಖ ನೋಡಿ ಮಾತ್ರ ಕೈಮುಗಿಯಲಿಲ್ಲ.

"ಸುಧಾ," ಏಣಿಯ ಬುಡಕ್ಕೆ ಬಂದು ಮೆಲ್ಲಗೆ ಕೇಳಿದ, "ಆ ಫೋಟೋ ಇವತ್ತೊಂದಿನ ತಗದ್ರ?"

"ಏನ್ ಸರ್ ನೀವು! ಮ್ಯೂಸಿಯಂ ಅಂದ್ರ ಅದ ಫೋಟೋ. ನಾಚಿಕಿ ಬ್ಯಾಡ್ರಿ."

ಹೊರಗೆ ಆಟೋ ನಿಂತಿತು. ತನಗಿಂತ ಉದ್ದದ ಹುಟ್ಟೊಂದನ್ನು ಹೆಗಲಿಗೆ ಹಾಕಿಕೊಂಡು ಉಚ್ಚಂಗೆಮ್ಮ ಒಳಗೆ ಬಂದಳು. ಕೂದಲು ಪೂರಾ ಬೆಳ್ಳಗಾಗಿತ್ತು.

"ಇದನ್ನೆಲ್ಲಿಡ್ಲವ್ವಾ? ತೆಪ್ಪ ಕೊಳತ ಹೋತು, ಇದೊಂದ ಉಳದೈತಿ." ಹುಟ್ಟನ್ನು ಗೋಡೆಗೆ ಆನಿಸಿ ತಲೆಯೆತ್ತಿದವಳು ಫೋಟೋ ಕಂಡು ಹತ್ತಿರ ಹೋದಳು. ಫೋಟೋದ ಮೂಲೆಯಲ್ಲಿ, ತೆಪ್ಪದ ಅಂಚು ಹಿಡಿದ ಒಂದು ಕೈ ಮಾತ್ರ ಇತ್ತು, ಮೊಣಕೈ ತನಕ. "ಅಯ್ಯ, ಇದು ನನ್ನ ಕೈ! ಈ ಹಚ್ಚಿಬೊಟ್ಟು ನೋಡ್ರಿ. ಮಾರಿ ಎಲ್ಲಿ ಬಿಟ್ಟಾನ ಆ ಸ್ಟುಡಿಯೋದಾವ?"

ಗವಿಸಿದ್ದಪ್ಪ ಬೆಂಚಿನಿಂದ ಎದ್ದ. ನಗು ಹಾಗೇ ಇತ್ತು, ಕಣ್ಣಲ್ಲಿ ಇರಲಿಲ್ಲ.

"ಅವತ್ತು ತೆಪ್ಪ ಹಾಕಿದಾಕಿ ನೀನೇನಬೇ? ಖರೇ ಹೇಳು. ಅಷ್ಟ್ ದೊಡ್ಡ ಮೀನು ಇವರೊಬ್ರ ಹಿಡದ್ರಾ?"

ಉಚ್ಚಂಗೆಮ್ಮ ಜಂಬುನಾಥನ ಕಡೆ ನೋಡಿದಳು. ಗಂಡ ಸತ್ತ ವರ್ಷ ಬೇರೆ ಯಾರೂ ಹೆಂಗಸಿನ ತೆಪ್ಪ ಹತ್ತದಿದ್ದಾಗ ಭಾನುವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದವನು ಇವನೊಬ್ಬನೇ. ಅವನು ನೆಲ ನೋಡುತ್ತಿದ್ದ.

"ಮತ್ಯಾರ್ ಹಿಡೀತಾರ್ರಿ? ನಾ ತೆಪ್ಪ ನೋಡ್ಲಾ, ಮೀನ ನೋಡ್ಲಾ?" ಎಂದಳು. ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಜಂಬುನಾಥನಿಗೆ ನಿಲ್ಲಲಾಗಲಿಲ್ಲ. ಬಾಗಿಲ ಕಡೆ ನಾಲ್ಕು ಹೆಜ್ಜೆ ಹೋದ. ಚಪ್ಪಲಿ ಕಂಡವು. ತಿರುಗಿ ಬಂದು, ಫೋಟೋದ ಕೆಳಗೆ ಸ್ಟ್ಯಾಂಡಿಗೆ ನಿಲ್ಲಿಸಿದ್ದ ತನ್ನ ಹಳೆಯ ಕೋಲನ್ನು ಕಿತ್ತು ತೆಗೆದ.

"ಸರ್, ಮುಟ್ಟಬ್ಯಾಡ್ರಿ, ಅದು..." ಸುಧಾರಾಣಿ ಏಣಿಯಿಂದ ಎರಡು ಮೆಟ್ಟಿಲು ಇಳಿದಳು.

ಅವನು ಕೋಲನ್ನು ಉಚ್ಚಂಗೆಮ್ಮನ ಮುಂದೆ ಹಿಡಿದ. "ಹಿಡಿಯವ್ವಾ."

"ಬ್ಯಾಡ್ರಿ ಸಾವಕಾರ."

"ಅವತ್ತು ಹಿಡದಂಗ ಹಿಡಿ."

ಅವಳು ಸೆರಗಿನಿಂದ ಕೈ ಬಿಡಿಸಿ, ಹೊಳೆಗೆ ಇಳಿಯುವಾಗ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹಾಗೆ ಕೋಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹಿಡಿದಳು. ಬುಡ ಹೊಟ್ಟೆಗೆ ಊರಿತು. ಬಲಗೈ ತಾನಾಗಿಯೇ ರೀಲಿಗೆ ಹೋಯಿತು. ಎಡಗೈಯ ತೋರುಬೆರಳು ದಾರವನ್ನು ಕೋಲಿಗೆ ಒತ್ತಿತು. ಬೆರಳಿನ ಅಡ್ಡಕ್ಕೆ ಬೆಳ್ಳಗಿನ ಹಳೆಯ ಗಾಯದ ಗೆರೆಯೊಂದಿತ್ತು. ದಾರ ಸರಿಯಾಗಿ ಅದರ ಮೇಲೆ ಕುಳಿತಿತು.

ಗವಿಸಿದ್ದಪ್ಪ ಕನ್ನಡಕ ಏರಿಸಿ ಆ ಬೆರಳನ್ನೇ ನೋಡಿದ.

"ನಾ ನೀರಾಗ ಬಿದ್ದಿದ್ನಿ ಗವಿಸಿದ್ದ," ಎಂದ ಜಂಬುನಾಥ. "ಮೀನ ದಣಿಸಿದಾಕಿ ಈಕಿ. ಪುಸ್ತಕದಾಗ ನಿಂದು ಹೊಡದು ಹಾಕಿದಂಗ ನಂದೂ ಹೊಡೀಬೇಕಿತ್ತು. ಹೊಡೀಲಿಲ್ಲ."

ರಸ್ತೆಯಲ್ಲಿ ಅತಿಥಿಗಳ ಜೀಪಿನ ಹಾರ್ನು ಕೇಳಿತು.

"ನನ್ನ ಅಳಿಯಂದು ತಾಗಿದ್ದು ಒಂದ ಬೆರಳ್ರೀ," ಎಂದ ಗವಿಸಿದ್ದಪ್ಪ. "ಒಂದ ಬೆರಳು." ಉಚ್ಚಂಗೆಮ್ಮನ ಕಡೆ ತಿರುಗಿದ. "ಎಷ್ಟ್ ದೂರ ಹಿಡದಿದ್ದಿಬೇ?"

"ಆನಿಬಂಡಿಯಿಂದ ಹುಣಸಿಮರದ ಮಡುವಿನ ತನಕಾರೀ."

"ಅಷ್ಟ್ ದೂರ," ಎಂದ ಅವನು.

ಸುಧಾರಾಣಿ ಬಲ್ಬು ಕೈಯಲ್ಲೇ ಹಿಡಿದು ನಿಂತಿದ್ದಳು. ಉಚ್ಚಂಗೆಮ್ಮ ಕೋಲು ಇಳಿಸಲಿಲ್ಲ, ಯಾರೂ ಇಸಕೊಳ್ಳಲೂ ಇಲ್ಲ. ಗಿರಣಿಯ ಎತ್ತರದ ಸೂರಿನ ಕೆಳಗೆ ಕೋಲಿನ ತುದಿ ಸಣ್ಣಗೆ ಅದುರುತ್ತಿತ್ತು. ನಾಲ್ವರೂ ತಲೆಯೆತ್ತಿ ಅದನ್ನೇ ನೋಡುತ್ತ ನಿಂತರು.