ಇಪ್ಪತ್ತು ಕಿಲೋದ ಚೀಲ

ನಮ್ಮ ಯಜಮಾನರು ತಕ್ಕಡಿ ರಿಪೇರಿಯವರು. ಮೂವತ್ತು ವರ್ಷದಿಂದ ಅದೇ ಕಸುಬು. ಯಾರದೋ ಅಂಗಡಿಯ ತಕ್ಕಡಿ ಹತ್ತು ಗ್ರಾಂ ಆಚೀಚೆ ಆದರೂ ಇವರಿಗೆ ಅನ್ನ ಸೇರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ ಮಾತಿಗೆ ಮಾತ್ರ ಒಂದು ಗ್ರಾಂ ತೂಕವಿಲ್ಲ, ಅದು ಬೇರೆ ಕತೆ.

ಈಗ ನಿಜಕ್ಕೂ ಅನ್ನ ಸೇರುತ್ತಿಲ್ಲ. ಗಂಟಲಿಗೆ ಕ್ಯಾನ್ಸರ್ ಬಂದಿತ್ತು. ಮೂವತ್ತೈದು ದಿನ ರೇಡಿಯೇಷನ್ ಕರೆಂಟ್ ಕೊಟ್ಟರು. ಕಾಯಿಲೆಯೇನೋ ಹೋಯಿತು, ಹೋಗುವಾಗ ನಾಲಿಗೆಯ ರುಚಿ, ಬಾಯಿಯ ಎಂಜಲು ಎರಡನ್ನೂ ಗಂಟುಕಟ್ಟಿಕೊಂಡು ಹೋಯಿತು. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಟ್ಯೂಬನ್ನು ಎರಡು ತಿಂಗಳ ಹಿಂದೆ ತೆಗೆದರು. ಅವತ್ತಿನಿಂದ ನಮ್ಮನೆಯಲ್ಲಿ ಊಟ ಅಂದರೆ ಕುಸ್ತಿ. ಅನ್ನ, ಮೊಟ್ಟೆ, ತರಕಾರಿ ಎಲ್ಲ ಮಿಕ್ಸಿಗೆ. ಇವರು ಗದ್ದವನ್ನು ಎದೆಗೆ ಒತ್ತಿ, ಉಸಿರು ಬಿಗಿಹಿಡಿದು, ಚಮಚ ಚಮಚವಾಗಿ ನುಂಗಬೇಕು. ಒಂದು ಬಟ್ಟಲಿಗೆ ಐವತ್ತು ನಿಮಿಷ.

"ಗೋಡೆಗೆ ಮೆತ್ತೋ ಗಾರೆ ಇದು," ಅಂತ ಗೊಣಗುವರು. ನಾನು ಬೆನ್ನು ತಿರುಗಿಸಿದರೆ ಅರ್ಧ ಗಾರೆ ಸಿಂಕಿಗೆ.

ಆಸ್ಪತ್ರೆಯ ಡಯಟ್ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: "ನಲವತ್ತೇಳು ಕಿಲೋಗಿಂತ ಕೆಳಗಿಳಿದ್ರೆ ಮತ್ತೆ ಟ್ಯೂಬೇ."

ಟ್ಯೂಬ್ ಅಂದರೆ ಇವರಿಗೆ ಸಾವಿಗಿಂತ ಭಯ. ಅದನ್ನು ಅಂಟಿಸಿಕೊಂಡು ಅಂಗಡಿಯಲ್ಲಿ ಕೂತಾಗ ಗಿರಾಕಿಗಳು ಇವರ ಮುಖ ಬಿಟ್ಟು ತಕ್ಕಡಿ ನೋಡಿಕೊಂಡೇ ಮಾತಾಡುತ್ತಿದ್ದರಂತೆ. ಅವತ್ತು ಬಾಗಿಲು ಹಾಕಿದ ಅಂಗಡಿ ಟ್ಯೂಬ್ ತೆಗೆಯುವವರೆಗೂ ತೆರೆಯಲಿಲ್ಲ.

ಈ ಸಲ ಆಸ್ಪತ್ರೆಗೆ ತೋರಿಸಲು ಹೊರಟಾಗ ಹೊಸ ರಾಗ ತೆಗೆದರು. "ತೂಕದ ಕಲ್ಲು ತಗೋ. ಅವರ ಮಿಷನ್ ಕಮ್ಮಿ ತೋರಿಸ್ತಿದೆ, ನಂಗೆ ಅನುಮಾನ. ಇವತ್ತೇನಾದ್ರೂ ನಲವತ್ತೇಳರ ಕೆಳಗೆ ಬಂದ್ರೆ ಅಲ್ಲೇ ಸಾಬೀತು ಮಾಡ್ತೀನಿ."

ಹತ್ತತ್ತು ಕಿಲೋದ ಎರಡು ಕಬ್ಬಿಣದ ಕಲ್ಲು. ಹೊರುವವರು ಯಾರು? ಇನ್ಯಾರು, ನಾನೇ. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಚೀಲದಲ್ಲಿ ಏನಮ್ಮ?" ಅಂದಳು. "ನಮ್ಮ ಯಜಮಾನರ ಹಟ," ಅಂದೆ.

ಆಸ್ಪತ್ರೆಯಲ್ಲಿ ಇವರು ತೂಕದ ಮಿಷನ್ ಹತ್ತಿದರು. ನಲವತ್ತೇಳು ಪಾಯಿಂಟ್ ಎರಡು. ಮೇಡಂ, "ಪರವಾಗಿಲ್ವೇ!" ಅಂತ ನಕ್ಕು ಫೈಲಿನಲ್ಲಿ ಬರೆಯಲು ತಿರುಗಿದರು. ನನಗೆ ಹೋದ ಜೀವ ಬಂದಂತಾಯಿತು. ಚೀಲ ಎತ್ತಿಕೊಂಡೆ.

"ಇರೇ," ಅಂದರು ಇವರು. "ಇಷ್ಟು ದೂರ ಹೊತ್ಕೊಂಡು ಬಂದಿದೀಯ. ಸುಮ್ನೆ ಇಟ್ಟು ನೋಡೋಣ."

ಇದಕ್ಕೇ ನೋಡಿ, ಇರಲಾರದೆ ಇರುವೆ ಬಿಟ್ಟುಕೊಳ್ಳೋದು ಅನ್ನುವುದು. ಕಲ್ಲುಗಳನ್ನು ಮಿಷನ್ ಮೇಲೆ ಇಟ್ಟೆವು. ಇಪ್ಪತ್ತು ತೋರಿಸಬೇಕಾದದ್ದು ಇಪ್ಪತ್ತೂವರೆ ತೋರಿಸಿತು. ತೆಗೆದು ಮತ್ತೆ ಇಟ್ಟೆವು. ಇಪ್ಪತ್ತೂವರೆ. ಕಲ್ಲು ತೆಗೆದ ಮೇಲೂ, ಖಾಲಿ ಮಿಷನ್ ಅರ್ಧ ಕಿಲೋ ತೋರಿಸುತ್ತಿತ್ತು.

ಅಂದರೆ ಇವರು ನಲವತ್ತಾರು ಪಾಯಿಂಟ್ ಏಳು.

ಬಾಯಿಗೆ ಬಿಸಿತುಪ್ಪ ಬಿದ್ದಂತಾಯಿತು ನನಗೆ. ಮೇಡಂ ಇನ್ನೂ ಬರೆಯುತ್ತಿದ್ದರು, ನೋಡಿದವರು ನಾವಿಬ್ಬರೇ. ಇವರ ತೋಳು ಹಿಡಿದು ಎಳೆದೆ. "ನಡೀರಿ ಸುಮ್ನೆ. ನಿಮ್ಮ ದಮ್ಮಯ್ಯ." ಅವತ್ತು ನನ್ನ ಗಂಡ ಒಂದೇ ಒಂದು ಮೋಸ ಮಾಡಲಿ ಅಂತ ಮನಸಾರೆ ಬೇಡಿಕೊಂಡೆ. ನಾಚಿಕೆಯೇನೂ ಆಗಲಿಲ್ಲ.

ಇವರು ಬಾಗಿಲ ಕಡೆ ನೋಡಿದರು. ಹೊರಗೆ ಬೆಂಚಿನ ಮೇಲೆ ಇವರಂಥವರೇ ಏಳೆಂಟು ಜನ ಕತ್ತಿಗೆ ಶಾಲು ಸುತ್ತಿಕೊಂಡು ಕೂತಿದ್ದರು.

"ಅವರೂ ಇದನ್ನೇ ನಂಬ್ಕೊಂಡು ಹತ್ತುತಾರೆ ಕಣೇ," ಅಂದರು ಮೆಲ್ಲಗೆ. ಆಮೇಲೆ ಆ ಒಡಕು ದನಿಯಲ್ಲೇ ಜೋರಾಗಿ, "ಮೇಡಂ, ನಿಮ್ಮ ಮಿಷನ್ ಅರ್ಧ ಕಿಲೋ ಸುಳ್ಳು ಹೇಳ್ತಿದೆ. ಸ್ಕ್ರೂಡ್ರೈವರ್ ಇದ್ರೆ ಕೊಡಿ."

ಸರಿಮಾಡಿ, ತಾವೇ ಹತ್ತಿ ನಿಂತು, ಅಂಕಿಯನ್ನು ತಾವೇ ಓದಿ ಹೇಳಿದರು. ಮಧ್ಯಾಹ್ನದೊಳಗೆ ಮೂಗಿಗೆ ಟ್ಯೂಬ್ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ಕಲ್ಲಿನ ಚೀಲವನ್ನು ಇವರ ಕಾಲ ಬಳಿ ದೂಡಿ, ನಾನು ಬೇರೆ ಸೀಟಿನಲ್ಲಿ ಕೂತೆ. ಅಷ್ಟು ಸಿಟ್ಟಿತ್ತು.

ಮಾರನೇ ದಿನ ಟ್ಯೂಬ್ ಇಟ್ಟುಕೊಂಡೇ ಅಂಗಡಿಯ ಬಾಗಿಲು ತೆಗೆದರು. ನಾನು ಹನ್ನೊಂದು ಗಂಟೆಗೆ ಹಾಲಿನ ಪುಡಿ ಕಲಸಿ, ಆಸ್ಪತ್ರೆಯವರು ಕೊಟ್ಟ ಅಳತೆ ಲೋಟದಲ್ಲಿ ಗೆರೆವರೆಗೆ ಸುರಿದು ಅಲ್ಲಿಗೇ ಒಯ್ದೆ. ಇವರು ಲೋಟ ಕಸಿದುಕೊಂಡು, ಅದನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ಖಾಲಿ ಲೋಟಕ್ಕೆ ಗೆರೆವರೆಗೆ ನೀರು ತುಂಬಿ ತಮ್ಮ ಸಣ್ಣ ತಕ್ಕಡಿಯಲ್ಲಿಟ್ಟು ತೂಗಿದರು. ಲೋಟದ ತೂಕ ಕಳೆದರು. ಹುಬ್ಬು ಗಂಟಿಕ್ಕಿದರು.

"ಇದರ ಗೆರೆ ತಪ್ಪು. ಇನ್ನೂರು ಎಂ.ಎಲ್. ಅಂತ ಬರೆದಿದೆ, ನೂರ ತೊಂಬತ್ತೇ ಹಿಡಿಸುತ್ತೆ. ಹೊತ್ತೊತ್ತಿಗೂ ನಂಗೆ ಹತ್ತು ಕಮ್ಮಿ ಹಾಕ್ತೀಯೇನೇ?"

ಜಗಳಕ್ಕೆ ಬಾಯಿ ತೆರೆದವಳಿಗೆ ಥಟ್ಟನೆ ಹೊಳೆಯಿತು. ಕಾಯಿಲೆ ಬಿದ್ದಾಗಿನಿಂದ ಈ ಮನುಷ್ಯ ಊಟ ಕಮ್ಮಿಯಾಯಿತು ಅಂತ ಗದರಿದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡು ಇನ್ನೂ ಹತ್ತು ಕಲಸಿ ಸುರಿದೆ.