ಹೆಗಲ ಮೇಲಿದ್ದ ಕೈ

ನಾನು ಎದೆಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ನೋಡುವ ಹಳೆಯ ಕ್ಯಾಮೆರಾ. ಜಪಾನಿನಲ್ಲಿ ಹುಟ್ಟಿ, ಮುಂಬಯಿಯ ಅಂಗಡಿಯೊಂದರಲ್ಲಿ ಎರಡು ವರ್ಷ ಧೂಳು ತಿಂದು, ಗದಗಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಫಕ್ಕೀರೇಶನ ಕೈ ಸೇರಿದೆ. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವನ ಗದ್ದ, ಬಿಗಿದ ತುಟಿ.

ಊರಿನ ಕನ್ಯೆಯರೆಲ್ಲ ವರನ ಕಡೆಯವರಿಗೆ ಕಳಿಸುವ ಫೋಟೋಕ್ಕೆ ಅವನಲ್ಲಿಗೇ ಬರುತ್ತಿದ್ದರು. ಗಲ್ಲದ ಕಲೆಯನ್ನೂ ಮೆಳ್ಳಗಣ್ಣನ್ನೂ ಸಣ್ಣ ಕುಂಚದಲ್ಲಿ ತಿದ್ದಿ ಕೊಡುತ್ತಿದ್ದ. "ನೀ ಯಾವಾಗ ಲಗ್ನ ಆಗಾವೋ?" ಎಂದು ಯಾರಾದರೂ ಕೇಳಿದರೆ ಕುಂಚ ತೊಳೆಯಲು ಏಳುತ್ತಿದ್ದ.

ಆ ತುಟಿ ಸಡಿಲುತ್ತಿದ್ದುದು ಡ್ರಿಲ್ ಮಾಸ್ತರ ಮೈಲಾರಪ್ಪ ಬಂದಾಗ ಮಾತ್ರ. ರವಿವಾರ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಒಮ್ಮೆ ನನ್ನನ್ನು ಸ್ಟ್ಯಾಂಡಿನ ಮೇಲಿಟ್ಟು, ಟೈಮರ್ ತಿರುಗಿಸಿ, ಫಕ್ಕೀರೇಶ ಓಡಿಹೋಗಿ ಮೈಲಾರಪ್ಪನ ಹೆಗಲ ಮೇಲೆ ಕೈಯಿಟ್ಟ. ಇಬ್ಬರೂ ನಕ್ಕರು. ಸಾವಿರ ಮದುವೆ ಕಂಡಿದ್ದೇನೆ. ಅಂಥ ಜೋಡಿ ಕಾಣಲಿಲ್ಲ.

ಹತ್ತು ವರ್ಷದ ಮೇಲೆ ಮೈಲಾರಪ್ಪನ ಅಣ್ಣ ಶಿವಲಿಂಗಪ್ಪನ ಕಿವಿಗೆ ಇವರಿಬ್ಬರ ಮಾತು ಬಿತ್ತು. ಶಾಲೆಯ ಅಂಗಳದಲ್ಲೇ, ಮಕ್ಕಳೆದುರು, ತಮ್ಮನಿಗೆ ಚಪ್ಪಲಿಯಿಂದ ಹೊಡೆದ. ಮೂರನೆಯ ದಿನ ಮೈಲಾರಪ್ಪ ಬಾವಿಯಲ್ಲಿ ತೇಲಿದ.

ಹೆಣದ ಫೋಟೋಕ್ಕೆ ಪೊಲೀಸರು ಕರೆದದ್ದು ನಮ್ಮನ್ನೇ.

"ಮಾರಿ ಸ್ವಚ್ಛ ಬರಬೇಕ್ ನೋಡು. ನಿನಗ ಗುರ್ತಿನಾಂವ ಏನು?" ಎಂದ ಫೌಜದಾರ. ಶಿವಲಿಂಗಪ್ಪ ಪಕ್ಕದಲ್ಲೇ ನಿಂತಿದ್ದ.

"ಇಲ್ರೀ ಸಾಹೇಬ್ರ," ಎಂದ ಫಕ್ಕೀರೇಶ.

ಅವನ ಗದ್ದದಿಂದ ಹನಿಯೊಂದು ನನ್ನ ಗಾಜಿನ ಮೇಲೆ ಬಿತ್ತು. ಅಂಗಿಯ ತುದಿಯಿಂದ ಒರೆಸಿ, ಫೋಕಸ್ ಸರಿಮಾಡಿದ.

ದಿನಕರ್ಮ ಮುಗಿದ ಮೇಲೆ ಶಿವಲಿಂಗಪ್ಪ ಸ್ಟುಡಿಯೋಕ್ಕೆ ಬಂದ.

"ಗ್ವಾಡಿಗೆ ಹಾಕಾಕ ತಮ್ಮಂದೊಂದು ನಗೂ ಫೋಟೋ ಬೇಕು. ನಿನ್ನ ಹಂತ್ಯಾಕ ಐತಿ ಅಂತ ಗೊತ್ತೈತಿ."

ಫಕ್ಕೀರೇಶ ಒಳಗೆ ಹೋಗಿ, ಆ ಜೋಡಿ ಚಿತ್ರದಿಂದ ತನ್ನನ್ನು ಕತ್ತರಿಸಿ ತೆಗೆದು ತಂದ. ಆದರೂ ಮೈಲಾರಪ್ಪನ ಹೆಗಲ ಮೇಲೆ ನಾಲ್ಕು ಬೆರಳು ಉಳಿದಿದ್ದವು.

"ಈ ಕೈ ಅಳಸು. ನನ್ನ ಮುಂದನ ಅಳಸು."

ಫಕ್ಕೀರೇಶ ಕುಂಚ ಅದ್ದಿ ತನ್ನ ಬೆರಳುಗಳನ್ನು ಒಂದೊಂದಾಗಿ ತೊಡೆದ. ಶಿವಲಿಂಗಪ್ಪ ಚಿತ್ರವನ್ನು ಬೆಳಕಿಗೆ ಹಿಡಿದು, "ಕೈಗುಣ ಛಲೋ ಐತಿ ನಿಂದು," ಎಂದ.

ಆಮೇಲೆ ಪ್ರತಿ ದೀಪಾವಳಿಗೂ ಮನೆಮಂದಿಯ ಫೋಟೋಕ್ಕೆ ಶಿವಲಿಂಗಪ್ಪ ನಮ್ಮನ್ನೇ ಕರೆಸಿದ. ಫಕ್ಕೀರೇಶ ಒಂದು ವರ್ಷವೂ ತಪ್ಪಿಸಲಿಲ್ಲ. "ಸ್ವಲ್ಪ ಎಡಕ್ಕ ಸರೀರಿ," ಎನ್ನುತ್ತಿದ್ದ. ಅವರೆಲ್ಲ ಸರಿದು, ಗೋಡೆಯ ಮೇಲಿನ ಮೈಲಾರಪ್ಪ ನನಗೆ ಕಂಡ ಮೇಲೆಯೇ ಗುಂಡಿ ಒತ್ತುತ್ತಿದ್ದ.

ಫಕ್ಕೀರೇಶ ಸತ್ತಾಗ ಪತ್ರಿಕೆಯವರು 'ಊರಿನ ಮದುವೆಗಳನ್ನೆಲ್ಲ ಕೂಡಿಸಿದ ಬ್ರಹ್ಮಚಾರಿ' ಎಂದು ಹೊಗಳಿ ಬರೆದರು. ನಾನೀಗ ಅವನ ತಂಗಿಯ ಮನೆಯ ಅಟ್ಟದಲ್ಲಿದ್ದೇನೆ. ನನ್ನ ಮುಚ್ಚಳ ತೆಗೆಯುವವರಿಲ್ಲ. ತೆಗೆಯುವುದೂ ಬೇಡ. ಈ ಊರನ್ನು ನೋಡಿದ್ದು ಸಾಕು.